ಸಂಪ್ರಬಂಧವನ್ನೂ ಬರೆಯಬೇಕು, ಕಥೆಯನ್ನೂ ಬರೆಯಬೇಕು: ಅನುಭವ ಇದ್ದವರು ಹೇಳಿ

ಹಾಸನದಲ್ಲಿ ಕನ್ನಡ ಎಂ.ಎ. ಓದುತ್ತಿದ್ದೇನೆ. ಶಾಸನಗಳ ಮೇಲೆ ಸಂಪ್ರಬಂಧ ಕೊಡಬೇಕು. ಕಥೆ ಬರೆಯುವ ಆಸೆಯೂ ತುಂಬಾ ಇದೆ. ಗೈಡ್ ಮೇಡಂ ನನ್ನ ಅಧ್ಯಾಯ ಓದಿ "ವರ್ಣನೆ ಜಾಸ್ತಿ, ವಾದ ಎಲ್ಲಿ?" ಅಂದರು. ಕಥೆ ಬರೆಯಲು ಕೂತರೆ ಬರೀ ಮಾಹಿತಿಯೇ ಬರುತ್ತದೆ. ಎರಡನ್ನೂ ಕಲಿತವರು ದಾರಿ ಹೇಳಿ.

ಬೇಲೂರಿನಿಂದ, ಕಾಲೇಜು ಮೇಷ್ಟ್ರು:
ಒಂದೇ ವಿಷಯ ತಗೊಂಡು ಎರಡು ಥರ ಬರೆಯಿರಿ. ನನ್ನ ವಿದ್ಯಾರ್ಥಿಗಳಿಗೆ ಹಲ್ಮಿಡಿ ಶಾಸನ ಕೊಡುತ್ತೇನೆ. ನಮ್ಮ ತಾಲ್ಲೂಕಿನದೇ, ಊರಿಗೆ ಹೋಗಿ ಪ್ರತಿಕೃತಿ ನೋಡಬಹುದು.

ಮೊದಲು ಲೇಖನ. "ಕನ್ನಡದ ಮೊದಲ ಶಾಸನ, ಕ್ರಿ.ಶ. 450" ಅಂತ ಬರೆದು ಮುಂದೆ ಹೋದರೆ ಅದು ವಾದ ಅಲ್ಲ. ಆ ಕಲ್ಲಿನಲ್ಲಿ ಇಸವಿಯೇ ಇಲ್ಲ. 1936ರಲ್ಲಿ ಪುರಾತತ್ವ ವಿದ್ವಾಂಸ ಎಂ.ಎಚ್. ಕೃಷ್ಣ ಅದನ್ನು ಬೆಳಕಿಗೆ ತಂದರು. ಕಾಲದ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತ ಇಲ್ಲ. ಶಿವಮೊಗ್ಗ ಜಿಲ್ಲೆಯ ತಾಳಗುಂದದ ಶಾಸನವೇ ಹಳೆಯದು ಅನ್ನುವವರೂ ಇದ್ದಾರೆ. ನೀವು ಯಾರ ಮಾತು ಒಪ್ಪುತ್ತೀರಿ, ಯಾಕೆ ಅನ್ನುವುದನ್ನು ಮೊದಲ ಪುಟದಲ್ಲೇ ಹೇಳಿಬಿಡಿ. ಒಪ್ಪದವರ ಮಾತನ್ನೂ ಪೂರ್ತಿ ಎತ್ತಿಕೊಂಡು ಉತ್ತರ ಕೊಡಿ.

ಆಮೇಲೆ ಕಥೆ. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಪಲ್ಮಿಡಿ (ಅಂದರೆ ಈಗಿನ ಹಲ್ಮಿಡಿ), ಮೂಳಿವಳ್ಳಿ ಊರುಗಳನ್ನು ಕೊಟ್ಟರು ಅಂತ ಶಾಸನದಲ್ಲಿದೆ. ಅಲ್ಲಿ ಉಳುತ್ತಿದ್ದವರು ಏನಂದುಕೊಂಡರು ಅನ್ನುವುದು ಇಲ್ಲ. ಒಡೆಯ ಬದಲಾದ ಸುದ್ದಿ ಗದ್ದೆಗೆ ತಂದವರು ಯಾರು? ಯಾರಿಗೆ ಭಯ ಆಯಿತು? ಅಲ್ಲಿಂದ ಶುರು ಮಾಡಿ. ಲೇಖನದಲ್ಲಿ ಹೀಗೆ ಊಹೆ ಮಾಡುವಂತಿಲ್ಲ. ಕಥೆಯಲ್ಲಿ ಊಹಿಸಲೇಬೇಕು, ಅಲ್ವಾ? ಹೀಗೆ ಎರಡನ್ನೂ ಬರೆದ ಹುಡುಗರ ಸಂಪ್ರಬಂಧದಲ್ಲಿ ವರ್ಣನೆ ತಾನಾಗೇ ಕಡಿಮೆಯಾದದ್ದನ್ನು ನೋಡಿದ್ದೇನೆ.

ಮೂಡಿಗೆರೆಯಿಂದ:
ಕಥೆಯಲ್ಲಿ ಮಾಹಿತಿ ತುಂಬಿಕೊಳ್ಳೋದು ಪಾತ್ರಗಳು ಓದುಗರಿಗೆ ವಿವರಿಸೋಕೆ ಹೊರಟಾಗ. ನಮ್ಮ ತೋಟದಲ್ಲಿ ಕೂಲಿ ಬಟವಾಡೆ ದಿನ ಲೆಕ್ಕ ಬರೆಯೋ ರೈಟರ ಹತ್ತಿರ ಜನ ಮಾತಾಡೋದನ್ನು ಕೇಳಿ. ಇಬ್ಬರಿಗೂ ಗೊತ್ತಿರೋದನ್ನು ಯಾರೂ ಬಿಡಿಸಿ ಹೇಳೋದಿಲ್ಲ. ನಿಮ್ಮ ಸಂಭಾಷಣೆಯನ್ನು ಗಟ್ಟಿಯಾಗಿ ಓದಿ, ಅಂಥ ಸಾಲು ಸಿಕ್ಕರೆ ಹೊಡೆದುಹಾಕಿ.

ಹಾಸನದಿಂದ, ಪಿಎಚ್‌.ಡಿ. ಮುಗಿಸಿದವಳು:
ಎರಡರ ನಡುವೆ ಲಲಿತ ಪ್ರಬಂಧ ಇದೆ, ಅದನ್ನು ಮರೀಬೇಡಿ. ಅಲ್ಲಿ "ನಾನು" ಇರಬಹುದು, ವಿಷಯವೂ ಇರಬಹುದು. ಗೊರೂರು ರಾಮಸ್ವಾಮಿ ಅಯ್ಯಂಗಾರರು ನಮ್ಮ ಜಿಲ್ಲೆಯವರೇ, ಓದಿ. ಒಂದೇ ಕೈ ಹಲವು ಥರ ಬರೆಯಲು ಆಗುತ್ತಾ ಅನ್ನೋ ಅನುಮಾನವೂ ಬೇಡ. ಪತ್ರಕರ್ತೆಯಾಗಿದ್ದ, ವಕೀಲೆಯಾದ ಬಾನು ಮುಷ್ತಾಕ್ ಅವರ ಕಥೆಗಳಿಗೇ 2025ರ ಅಂತಾರಾಷ್ಟ್ರೀಯ ಬೂಕರ್ ಬಂತು. ಇದೇ ಊರಿನವರು.

ಸಂಪ್ರಬಂಧಕ್ಕೆ ಒಂದು ಮಾತು. ಟಿಪ್ಪಣಿ ಮಾಡುವಾಗಲೇ ಪುಟ ಸಂಖ್ಯೆ, ಆವೃತ್ತಿ ಬರೆದಿಡಿ. ಶಾಸನಗಳ ಪಾಠ ಸಿಗುವ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಮುದ್ರಣದಲ್ಲಿ ಹಾಸನ ಜಿಲ್ಲೆ 5ನೇ ಸಂಪುಟ, ಕಡೂರು ಜಿಲ್ಲೆ, ಅಂದರೆ ಈಗಿನ ಚಿಕ್ಕಮಗಳೂರು, 6ನೇದು. ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟದ ಸಂಖ್ಯೆಗಳೇ ಬೇರೆ. ಸುಮ್ನೆ "ಸಂಪುಟ 5" ಅಂತ ಬರೆದರೆ ಓದುವವರಿಗೆ ಶಾಸನ ಸಿಗೋದಿಲ್ಲ. ಅಧ್ಯಾಯ ತಿದ್ದಿದ ಮೇಲೆ ಇಲ್ಲಿ ಹಾಕಿ, ಖಂಡಿತ ಓದುತ್ತೇನೆ.