ವೀಲಿಂಗ್ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ? ಕೊಡಗಿನ ಸವಾರರ ಅನುಭವ

ಸಿದ್ದಾಪುರದಿಂದ ಬಂದ ಪ್ರಶ್ನೆ

ನನಗೆ 23 ವರ್ಷ. ಎಕ್ಸ್‌ಪಲ್ಸ್ 200 ಬೈಕ್ ಓಡಿಸುತ್ತೇನೆ. ಮಳೆಗಾಲದಲ್ಲಿ ನಮ್ಮ ತೋಟದ ದಾರಿಗೆ ಮರ ಬೀಳುವುದು, ನೀರು ಕೊರೆದು ಅಡ್ಡಲಾಗಿ ಕಾಲುವೆಯಾಗುವುದು ಮಾಮೂಲು. ಮುಂದಿನ ಚಕ್ರ ಎತ್ತಿ ದಾಟಲು ಬಂದರೆ ಎಷ್ಟೋ ಕಡೆ ಇಳಿದು ತಳ್ಳುವುದು ತಪ್ಪುತ್ತದೆ. ಅಷ್ಟೇ ಅಲ್ಲ, ಚಕ್ರ ಎತ್ತಿ ಸ್ವಲ್ಪ ದೂರ ಹಾಗೆಯೇ ಹೋಗಬೇಕೆಂಬ ಆಸೆ ಚಿಕ್ಕಂದಿನಿಂದಲೂ ಇದೆ. ರಸ್ತೆಯಲ್ಲಿ ಮಾಡುವ ಯೋಚನೆ ಖಂಡಿತ ಇಲ್ಲ. ವಿಡಿಯೊಗಳಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕ್ಲಚ್ ಬಳಸಬೇಕೇ, ಆಕ್ಸಿಲರೇಟರ್ ಒಂದೇ ಸಾಕೇ? ಎಲ್ಲಿ ಕಲಿಯಬೇಕು? ಕಲಿತವರು ದಯವಿಟ್ಟು ತಿಳಿಸಿ.

ಪೊನ್ನಂಪೇಟೆಯಿಂದ

ತಮ್ಮಾ, ಎತ್ತುವುದನ್ನು ಆಮೇಲೆ ನೋಡೋಣ. ಮೊದಲು ಇಳಿಸುವುದನ್ನು ಕಲಿ.

ನಮ್ಮ ಕಡೆಯ ಗದ್ದೆಗಳಲ್ಲಿ ಆಟೋಕ್ರಾಸ್, ಅಂದರೆ ಮಣ್ಣಿನ ಮೇಲಿನ ವಾಹನ ಓಟದ ಸ್ಪರ್ಧೆ, ನಡೆಯುವುದು ನಿನಗೆ ಗೊತ್ತಿರುತ್ತದೆ. ಆ ಗುಂಗು ಹಿಡಿದ ಹುಡುಗರಿಗೆ ಬೈಕಿನ ಮೇಲೆ ಹಿಡಿತ ಕಲಿಸುತ್ತ ನಾನು ಬಹಳ ವರ್ಷ ಕಳೆದಿದ್ದೇನೆ. ವೀಲಿಂಗ್ ಕಲಿಯುವಾಗ ಹಿಂದಕ್ಕೆ ಮಗುಚಿದವರಲ್ಲಿ ನಾನು ಕಂಡ ಕಾರಣ ಬಹುತೇಕ ಒಂದೇ: ಬಲಗಾಲು ಹಿಂದಿನ ಬ್ರೇಕ್ ಪೆಡಲ್ ಮೇಲೆ ಇರಲಿಲ್ಲ. ಮುಂದಿನ ಚಕ್ರ ಸಮತೋಲದ ಬಿಂದುವನ್ನು, ಅಂದರೆ ಬೈಕ್ ಮುಂದಕ್ಕೂ ಹಿಂದಕ್ಕೂ ಬೀಳದೆ ನಿಲ್ಲುವ ಮಟ್ಟವನ್ನು, ದಾಟಿ ಮೇಲೆ ಹೋದಾಗ ಅದನ್ನು ಮತ್ತೆ ನೆಲಕ್ಕೆ ತರುವುದು ಆ ಪೆಡಲ್ ಮಾತ್ರ. ಆಕ್ಸಿಲರೇಟರ್ ಬಿಟ್ಟರೂ ಚಕ್ರ ಇಳಿಯುತ್ತದೆ, ನಿಜ. ಆದರೆ ಅದು ಕೆಳಮಟ್ಟದಲ್ಲಿರುವಾಗಿನ ಮಾತು. ಗಾಬರಿಯಾದಾಗ ಮೈ ಹಿಂದಕ್ಕೆ ಜಾರುತ್ತದೆ, ಜಾರುವ ಮೈ ಹ್ಯಾಂಡಲ್ ಹಿಡಿದೇ ಜಾರುತ್ತದೆ, ಆಗ ಬಲಗೈ ತನಗೆ ಗೊತ್ತಿಲ್ಲದೆಯೇ ಆಕ್ಸಿಲರೇಟರನ್ನು ಇನ್ನಷ್ಟು ತಿರುಗಿಸಿಬಿಡುತ್ತದೆ. ಆ ಗಳಿಗೆಯಲ್ಲಿ ಕೈಯನ್ನು ನಂಬಬಾರದು, ಕಾಲನ್ನು ನಂಬಬೇಕು. ಹಿಂದಿನ ಚಕ್ರ ತಟ್ಟನೆ ನಿಧಾನವಾದರೆ ಬೈಕಿನ ಭಾರವೆಲ್ಲ ಮುಂದಕ್ಕೆ ಬಾಗಿ ಮುಂದಿನ ಚಕ್ರ ಕೂಡಲೇ ಕೆಳಗಿಳಿಯುತ್ತದೆ.

ಆದ್ದರಿಂದ ಮೊದಲ ಕೆಲವು ದಿನ ಚಕ್ರ ಎತ್ತಲೇಬೇಡ. ಮೊದಲನೆಯ ಗೇರಿನಲ್ಲಿ ನಡಿಗೆಯ ವೇಗಕ್ಕಿಂತ ತುಸು ಹೆಚ್ಚಾಗಿ ಹೋಗು, ಆಕ್ಸಿಲರೇಟರ್ ಕೊಡು, ಹಿಂದಿನ ಬ್ರೇಕ್ ಒತ್ತು. ಮತ್ತೆ ಕೊಡು, ಮತ್ತೆ ಒತ್ತು. ಬೇಸರ ಬರುತ್ತದೆ, ಬರಲಿ. ಯೋಚಿಸದೆ ಕಾಲು ಒತ್ತುವಂತಾದ ಮೇಲೆ ಚಕ್ರವನ್ನು ಒಂದು ಗೇಣು ಎತ್ತು. ಆಗಲೂ ಪ್ರತಿ ಸಲ ಬ್ರೇಕ್ ಒತ್ತಿಯೇ ಇಳಿಸು. ಒಂದು ಗೇಣಿಗೆ ಬ್ರೇಕ್ ಬೇಕಿಲ್ಲ ಎಂದು ನಿನಗೆ ಅನ್ನಿಸುತ್ತದೆ. ಆದರೂ ಒತ್ತು. ಅಭ್ಯಾಸ ಬೇರೂರುವುದು ಆ ಒಂದು ಗೇಣಿನಲ್ಲೇ.

ಎತ್ತುವ ಬಗೆ ಹೀಗೆ. ಮೊದಲನೆಯ ಗೇರ್, ಗಂಟೆಗೆ 10ರಿಂದ 15 ಕಿಲೋಮೀಟರ್ ವೇಗ. ಸೀಟಿನಲ್ಲಿ ಸ್ವಲ್ಪ ಹಿಂದೆ ಸರಿದು ಕೂರು, ಮೊಣಕಾಲುಗಳಿಂದ ಟ್ಯಾಂಕನ್ನು ಹಿಡಿ, ಕೈ ನೇರವಾಗಿರಲಿ ಆದರೆ ಬಿಗಿಯಾಗಿರಬಾರದು. ಎಡಗೈಯ ಒಂದು ಅಥವಾ ಎರಡು ಬೆರಳಿನಿಂದ ಎಂಜಿನ್ನಿನ ಎಳೆತ ಚಕ್ರಕ್ಕೆ ತಪ್ಪುವಷ್ಟು ಮಾತ್ರ ಕ್ಲಚ್ ಎಳೆ, ಆಕ್ಸಿಲರೇಟರ್ ಕೊಡು, ಎಂಜಿನ್ ಸದ್ದು ಏರುತ್ತಿರುವಾಗಲೇ ಕ್ಲಚ್ಚನ್ನು ಚುರುಕಾಗಿ ಬಿಡು. ಚಕ್ರ ತಾನೇ ಏಳುತ್ತದೆ. ಹ್ಯಾಂಡಲ್ ಹಿಡಿದು ಎಳೆಯಬೇಡ. ಎಳೆಯುವಾಗ ಒಂದು ಕೈ ಹೆಚ್ಚು ಎಳೆಯುತ್ತದೆ, ಬೈಕ್ ಆ ಕಡೆಗೆ ವಾಲುತ್ತದೆ. ದೃಷ್ಟಿ ದೂರದ ಒಂದು ಮರದ ಮೇಲಿರಲಿ. ಇಳಿಯುವಾಗ ಚಕ್ರ ನೇರವಾಗಿರಬೇಕು, ನೆಲ ಮುಟ್ಟುವ ಮುಂಚೆ ಒಂದು ಚೂರು ಆಕ್ಸಿಲರೇಟರ್ ಕೊಟ್ಟರೆ ಮೆತ್ತಗೆ ಇಳಿಯುತ್ತದೆ. ತೋಳು ದಣಿದರೆ ಆ ದಿನಕ್ಕೆ ಸಾಕು. ದಣಿದ ತೋಳಿನ ಹಠ ಒಳ್ಳೆಯದಲ್ಲ.

ಕುಶಾಲನಗರದ ಮೆಕ್ಯಾನಿಕ್

ಬೈಕಿನ ಬಗ್ಗೆ ಯಾರೂ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಗದ್ದೆಗೆ ಇಳಿಸುವ ಮೊದಲು ಹಿಂದಿನ ಬ್ರೇಕ್ ಪ್ಯಾಡ್ ನೋಡಿಸಿ. ಬ್ರೇಕ್ ಪೆಡಲ್‌ನ ಎತ್ತರವನ್ನು ನೀವು ಹಿಂದೆ ಸರಿದು ಕೂತಾಗ ಪಾದ ತಾನಾಗಿ ಅದರ ಮೇಲೆ ಬರುವಂತೆ ಹೊಂದಿಸಿ, ಬೂಟು ಹಾಕಿಕೊಂಡೇ ಹೊಂದಿಸಿ. ಚಪ್ಪಲಿಯಲ್ಲಿ ಸರಿಯೆನಿಸಿದ ಪೆಡಲ್ ಬೂಟಿಗೆ ಸಿಗುವುದಿಲ್ಲ. ಕ್ಲಚ್ ಕೇಬಲ್‌ನಲ್ಲಿ ಸ್ವಲ್ಪವೇ ಸಡಿಲ ಇರಲಿ. ಚೈನ್ ಬಹಳ ಬಿಗಿ ಮಾಡಬೇಡಿ, ಆದರೆ ಜೋಲಾಡಿದರೆ ಕ್ಲಚ್ ಬಿಟ್ಟಾಗಲೆಲ್ಲ ಹೊಡೆತ ಸ್ಪ್ರಾಕೆಟ್ ಹಲ್ಲಿಗೆ ಬೀಳುತ್ತದೆ.

ನಿಮ್ಮ ಬೈಕಿನಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಇರುವುದು ಮುಂದಿನ ಚಕ್ರಕ್ಕೆ ಮಾತ್ರ, ಹಿಂದಿನ ಬ್ರೇಕ್ ಕಾಲಿಗೆ ನೇರವಾಗಿ ಸಿಗುತ್ತದೆ. ಈ ಕಲಿಕೆಗೆ ಅದು ಅನುಕೂಲ. ಚಕ್ರ ಗಾಳಿಯಲ್ಲಿದ್ದಾಗ ಎಬಿಎಸ್ ದೀಪ ಹತ್ತಿಕೊಳ್ಳುವುದುಂಟು, ಹೆದರಬೇಡಿ. ಬೈಕ್ ಆಫ್ ಮಾಡಿ ಮತ್ತೆ ಹಾಕಿ, ಸ್ವಲ್ಪ ದೂರ ಓಡಿಸಿ ದೀಪ ಆರಿತೇ ಎಂದು ನೋಡಿ. ಆರದಿದ್ದರೆ ತೋರಿಸಿ. ಇನ್ನು ಟಯರ್ ಗಾಳಿ. ಹಿಂದಿನ ಚಕ್ರದಲ್ಲಿ ಗಾಳಿ ತುಸು ಕಡಿಮೆ ಇದ್ದರೆ ಹಿಡಿತ ಚೆನ್ನಾಗಿರುತ್ತದೆ ಎಂದು ಹೇಳುವವರಿದ್ದಾರೆ, ಸರಿ. ಆದರೆ ಇದು ಟ್ಯೂಬ್ ಇರುವ ಚಕ್ರ. ತೀರಾ ಇಳಿಸಿದರೆ ಟಯರ್ ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವ್ ಕಿತ್ತುಬರುತ್ತದೆ.

ಖರ್ಚು ಬರುವುದು ಕ್ಲಚ್ ಪ್ಲೇಟ್, ಫೋರ್ಕ್ ಆಯಿಲ್ ಸೀಲ್, ಹ್ಯಾಂಡಲ್ ಕೋನ್ ಸೆಟ್, ಮುಂದಿನ ಸ್ಪೋಕ್ ಇವುಗಳಿಗೆ. ಧೊಪ್ಪನೆ ಬೀಳಿಸುವವರು ಇವನ್ನೆಲ್ಲ ಒಂದೇ ಬೇಸಿಗೆಯಲ್ಲಿ ತಿಂದುಹಾಕುತ್ತಾರೆ. ಮೇಲಿನವರು ಮೆತ್ತಗೆ ಇಳಿಸಲು ಹೇಳಿದ್ದು ಬೈಕಿನ ಆಯುಸ್ಸಿಗೂ ಮುಖ್ಯ. ಎಂಜಿನ್ ಆಯಿಲ್ ಮಟ್ಟ ಸರಿಯಾಗಿರಲಿ. ಬಹಳ ಹೊತ್ತು ಮುಂಭಾಗ ಎತ್ತಿ ಓಡಿಸುವವರ ಎಂಜಿನ್‌ನಲ್ಲಿ ಆಯಿಲ್ ಹಿಂದಕ್ಕೆ ಸರಿದು ಪಂಪಿಗೆ ಸಿಗದೆ ಹೋಗಬಹುದು. ನೀವು ಆ ಹಂತಕ್ಕೆ ಬರಲು ಇನ್ನೂ ದಿನಗಳಿವೆ.

ವಿರಾಜಪೇಟೆಯಿಂದ

ಕ್ಲಚ್ ವಿಷಯದಲ್ಲಿ ಪೊನ್ನಂಪೇಟೆಯವರ ಮಾತನ್ನು ನಾನು ಒಪ್ಪುವುದಿಲ್ಲ. ಹೊಸಬರಿಗೆ ಆಕ್ಸಿಲರೇಟರ್ ಒಂದೇ ಒಳ್ಳೆಯದು. ನಾನು ಕಲಿತದ್ದು ಆರ್‌ಎಕ್ಸ್ 100ರಲ್ಲಿ. ನೂರು ಕಿಲೋಗಿಂತ ತುಸುವೇ ಹೆಚ್ಚು ತೂಕದ ಹಗುರ ಬೈಕ್, ಟೂ ಸ್ಟ್ರೋಕ್ ಎಂಜಿನ್. ಮೊದಲನೆಯ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮುಂಭಾಗ ಕುಗ್ಗಿದ ಕ್ಷಣದಲ್ಲಿ ಮತ್ತೆ ಕೊಟ್ಟರೆ ಚಕ್ರ ಮೆಲ್ಲನೆ ಏಳುತ್ತಿತ್ತು, ಎಡಗೈಗೆ ಕೆಲಸವೇ ಇರಲಿಲ್ಲ. ಕ್ಲಚ್ ಬಿಡುವುದರಲ್ಲಿ ಒಂದು ಕೂದಲೆಳೆ ಹೆಚ್ಚುಕಡಿಮೆಯಾದರೂ ಚಕ್ರ ತಲೆಯ ಮಟ್ಟಕ್ಕೆ ಎದ್ದುಬಿಡುತ್ತದೆ.

ಪೊನ್ನಂಪೇಟೆಯಿಂದ, ಮೇಲಿನದಕ್ಕೆ ಉತ್ತರ

ಆರ್‌ಎಕ್ಸ್ 100ಕ್ಕೆ ನಿಮ್ಮ ಮಾತು ಪೂರ್ತಿ ಸರಿ. ಈ ಹುಡುಗನ ಬೈಕ್ ಅದಕ್ಕಿಂತ ಐವತ್ತು ಕಿಲೋಗಿಂತಲೂ ಹೆಚ್ಚು ಭಾರ, ಎಂಜಿನ್ ಮೆದು ಸ್ವಭಾವದ್ದು. ಸಮತಟ್ಟು ನೆಲದಲ್ಲಿ ಆಕ್ಸಿಲರೇಟರ್ ಒಂದರಿಂದಲೇ ಎತ್ತಲು ಹೋದರೆ ಅವನು ಹ್ಯಾಂಡಲ್ ಎಳೆಯತೊಡಗುತ್ತಾನೆ, ಆ ಕೆಟ್ಟ ಚಾಳಿ ಬಿಡಿಸುವುದು ಕಷ್ಟ. ಆದರೆ ನಿಮ್ಮ ಮಾತಿನಲ್ಲಿ ಒಂದು ದಾರಿ ಇದೆ: ಬಾಣೆಯಲ್ಲಿ, ಅಂದರೆ ಗದ್ದೆಯ ಮೇಲಿನ ಹುಲ್ಲಿನ ಜಾಗದಲ್ಲಿ, ಸಣ್ಣ ಏರು ಸಿಕ್ಕರೆ ಅಲ್ಲಿ ಆಕ್ಸಿಲರೇಟರ್‌ನಿಂದಲೇ ಶುರು ಮಾಡಬಹುದು. ಏರಿನಲ್ಲಿ ಬೈಕಿನ ಭಾರ ಆಗಲೇ ಹಿಂದಕ್ಕೆ ಸರಿದಿರುತ್ತದೆ, ಚಕ್ರ ಸುಲಭವಾಗಿ ಏಳುತ್ತದೆ, ವೇಗವೂ ಏರುವುದಿಲ್ಲ. ಅಷ್ಟೇ ಸುಲಭವಾಗಿ ಹಿಂದಕ್ಕೂ ಮಗುಚುತ್ತದೆ, ಆದ್ದರಿಂದ ಅಲ್ಲಿಯೂ ಕಾಲು ಪೆಡಲ್ ಮೇಲೆಯೇ. ಇಳಿಜಾರಿನಲ್ಲಿ ಮಾತ್ರ ಎಂದೂ ಬೇಡ.

ಮಡಿಕೇರಿಯ ನರ್ಸ್

ನಾನೂ ಬೈಕ್ ಓಡಿಸುತ್ತೇನೆ, ಆದರೆ ಇಲ್ಲಿ ಬರೆಯುತ್ತಿರುವುದು ತುರ್ತು ವಿಭಾಗದಲ್ಲಿ ಕಂಡದ್ದನ್ನು. ಹಿಂದಕ್ಕೆ ಬಿದ್ದವರಿಗೆ ಪೆಟ್ಟಾಗುವುದು ಬಾಲಮೂಳೆಗೆ, ಮಣಿಕಟ್ಟಿಗೆ, ತಲೆಯ ಹಿಂಭಾಗಕ್ಕೆ. ಪಕ್ಕಕ್ಕೆ ಬಿದ್ದವರಿಗೆ ಹೆಗಲ ಮೂಳೆ, ಕಣಕಾಲು. ಆದ್ದರಿಂದ ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್, ಕಣಕಾಲು ಮುಚ್ಚುವ ಗಟ್ಟಿ ಬೂಟು, ಕೈಗವಸು, ಮೊಣಕಾಲು ಮತ್ತು ಮೊಣಕೈ ಕವಚ, ಬೆನ್ನಿನ ಕವಚ ಇಷ್ಟೂ ಇಲ್ಲದೆ ಶುರು ಮಾಡಬೇಡಿ. ಹೆಲ್ಮೆಟ್ ಪಟ್ಟಿ ಬಿಗಿದಿದ್ದರೆ ಮಾತ್ರ ಅದು ಹೆಲ್ಮೆಟ್. ಬಿದ್ದ ಮೇಲೆ ಮಣಿಕಟ್ಟು ಊದಿಲ್ಲವೆಂದು ಸುಮ್ಮನಾಗಬೇಡಿ. ಹೆಬ್ಬೆರಳಿನ ಬುಡದಲ್ಲಿ ಒತ್ತಿದರೆ ನೋವಿದ್ದರೆ ಎಕ್ಸ್‌ರೇ ತೆಗೆಸಿ. ಅಲ್ಲಿರುವ ಸಣ್ಣ ಮೂಳೆಯ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು, ನೋವು ಉಳಿದರೆ ವಾರ ಹತ್ತು ದಿನ ಬಿಟ್ಟು ಮತ್ತೆ ತೆಗೆಸಬೇಕು.

ಒಬ್ಬರೇ ಹೋಗಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ತುರ್ತು ಚಿಕಿತ್ಸೆಯ ಒಳ್ಳೆಯ ಆಸ್ಪತ್ರೆ ಬೇಕೆಂದು 2019ರಲ್ಲಿ ಜಿಲ್ಲೆಯ ಜನರೆಲ್ಲ ದನಿಯೆತ್ತಿದ್ದು ನೆನಪಿರಬಹುದು. ತಲೆಗೆ, ಬೆನ್ನುಹುರಿಗೆ ದೊಡ್ಡ ಪೆಟ್ಟಾದವರನ್ನು ಇಂದಿಗೂ ಹೆಚ್ಚಾಗಿ ಮೈಸೂರಿಗೋ ಮಂಗಳೂರಿಗೋ ಕಳುಹಿಸಬೇಕಾಗುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ನೀವು ಬಿದ್ದಿರುವುದು ಮೊಬೈಲ್ ಸಿಗ್ನಲ್ ಇಲ್ಲದ ಗದ್ದೆಯಲ್ಲಾದರೆ ಆ ದಾರಿ ಇನ್ನೂ ಉದ್ದ. ಜೊತೆಗೊಬ್ಬರು, ಗದ್ದೆಯವರೆಗೆ ಬರಬಲ್ಲ ಒಂದು ಜೀಪು ಅಥವಾ ಕಾರು, ಸಿಗ್ನಲ್ ಎಲ್ಲಿ ಸಿಗುತ್ತದೆ ಎಂಬ ತಿಳಿವಳಿಕೆ, ಈ ಮೂರೂ ಇರಬೇಕು. ಬಿದ್ದವರು ಕುತ್ತಿಗೆ ನೋವು ಎಂದರೆ ಎತ್ತಿ ಕೂರಿಸಬೇಡಿ, ಹೆಲ್ಮೆಟ್ ಎಳೆಯಬೇಡಿ, 108ಕ್ಕೆ ಕರೆ ಮಾಡಿ.

ಅಮ್ಮತ್ತಿಯ ಬೆಳೆಗಾರರು

ಜಾಗದ ಬಗ್ಗೆ ನನ್ನದೊಂದು ಮಾತು. ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆದು ಕೊಯ್ಲು ಮುಗಿದ ಗದ್ದೆಯೇ ಸರಿ. ಜನವರಿಯ ಹೊತ್ತಿಗೆ ನೆಲ ಗಟ್ಟಿಯಾಗಿರುತ್ತದೆ, ಬಿದ್ದರೆ ಕಾಂಕ್ರೀಟಿನಷ್ಟು ಕಠಿಣವಲ್ಲ. ಬೈಕ್ ಇಳಿಸುವ ಮುಂಚೆ ಪೂರ್ತಿ ನಡೆದು ನೋಡಿ. ಒಣಗಿದ ಕೂಳೆ ಚಕ್ರವನ್ನು ತಡೆಯುವುದಿಲ್ಲ, ಆದರೆ ಬಿರುಕುಬಿಟ್ಟ ಜೇಡಿ ನೆಲ, ಏಡಿ ತೋಡಿದ ಬದು, ಮುಚ್ಚಿಹೋದ ನೀರಿನ ತೋಡು ಇವು ತಡೆಯುತ್ತವೆ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ) ಬಂದ ಮರುದಿನ ಮೇಲೆ ಒಣಗಿದಂತೆ ಕಂಡರೂ ಒಳಗೆ ಜಾರು, ಅಂದು ಬೇಡ. ಗದ್ದೆ ನಿಮ್ಮದಲ್ಲದಿದ್ದರೆ ಯಜಮಾನರನ್ನು ಕೇಳಿ, ಬದು ಕೆಡದಂತೆ ನೋಡಿಕೊಳ್ಳಿ. ಬದು ಕೆಟ್ಟರೆ ಮುಂದಿನ ಮಳೆಗಾಲಕ್ಕೆ ನೀರು ನಿಲ್ಲುವುದಿಲ್ಲ.

ಕಾಫಿ ಒಣಗಿಸುವ ಕಣ ಸಪಾಟಾಗಿದೆ ಎಂದು ಅಲ್ಲಿ ಕಲಿಯಲು ಬರುವವರನ್ನು ನಾನು ಬಿಡುವುದಿಲ್ಲ. ಕೊಯ್ಲಿನ ಕಾಲದಲ್ಲಿ ಅದು ತುಂಬಿರುತ್ತದೆ, ಖಾಲಿಯಾದಾಗ ತೋಟದ ಕೆಲಸಗಾರರ ಲೈನ್ ಮನೆಗಳ ಮಕ್ಕಳು ಅಲ್ಲೇ ಆಡುತ್ತಿರುತ್ತಾರೆ. ಹಬ್ಬಕ್ಕೆ ಊರು ಸೇರುವ ಬಯಲಾದ ಮಂದ್‌ಗೆ, ದೇವರಕಾಡಿನ ಅಂಚಿಗೆ ಬೈಕ್ ತರುವ ಮಾತೇ ಬೇಡ. ಇನ್ನೊಂದು ವಿಷಯ ನಿಮಗೆ ಗೊತ್ತೇ ಇದೆ, ಆದರೂ ಹೇಳುತ್ತೇನೆ: ಸಿದ್ದಾಪುರ, ಮಾಲ್ದಾರೆ, ಅಮ್ಮತ್ತಿ ಕಡೆ ಆನೆ ಯಾವ ಹೊತ್ತಿನಲ್ಲಿ ಗದ್ದೆಗೆ ಇಳಿಯುತ್ತದೆಂದು ಹೇಳಲಾಗದು. ಬೆಳಕು ಚೆನ್ನಾಗಿರುವಾಗಲೇ ಮುಗಿಸಿ. ಅರಣ್ಯ ಇಲಾಖೆಯವರು ಆನೆ ಇದೆ ಎಂದು ತಿಳಿಸಿದ ದಿನ ಆ ಕಡೆಗೆ ಹೋಗಲೇಬೇಡಿ.

ಮಡಿಕೇರಿಯ ವಕೀಲರು

ರಸ್ತೆಯಲ್ಲಿ ಮಾಡುವುದಿಲ್ಲ ಎಂದಿದ್ದೀರಿ, ಸಂತೋಷ. ಓದುವ ಬೇರೆಯವರಿಗಾಗಿ ಬರೆಯುತ್ತೇನೆ. ಅಪಾಯಕಾರಿ ಚಾಲನೆಗೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಅನ್ವಯ ಮೊದಲ ಸಲ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆ, ಇಲ್ಲವೇ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಓಡಿಸಿದವನು ಅಪ್ರಾಪ್ತನಾದರೆ 199ಎ ಸೆಕ್ಷನ್ ಪ್ರಕಾರ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. 2025ರಲ್ಲಿ ಹೈಕೋರ್ಟ್‌ನ ಧಾರವಾಡ ಪೀಠ ವೀಲಿಂಗ್ ಪ್ರಕರಣವೊಂದರಲ್ಲಿ ಜಾಮೀನು ನಿರಾಕರಿಸಿ, ಇದಕ್ಕೆ ಬಿಗಿಯಾದ ಕಾನೂನು ಬೇಕೆಂದು ಸರ್ಕಾರಕ್ಕೆ ಹೇಳಿದೆ. ತೋಟದ ದಾರಿಯೂ ಊರಿನವರು ಓಡಾಡುವ ದಾರಿಯಾಗಿದ್ದರೆ ಅದನ್ನು ನಿಮ್ಮ ಸ್ವಂತದ್ದೆಂದು ಎಣಿಸಬೇಡಿ.

ಸಿದ್ದಾಪುರದಿಂದ ಮತ್ತೆ

ಎಲ್ಲರಿಗೂ ವಂದನೆಗಳು. ಚಿಕ್ಕಪ್ಪನ ಗದ್ದೆಯಲ್ಲಿ, ಗೆಳೆಯನೊಬ್ಬನನ್ನು ಜೊತೆಗೆ ಇಟ್ಟುಕೊಂಡು ಬ್ರೇಕ್ ಅಭ್ಯಾಸ ಮಾಡುತ್ತಿದ್ದೇನೆ. ಚಕ್ರ ಒಂದು ಗೇಣು ಏಳುತ್ತಿದೆ. ಅದಕ್ಕಿಂತ ಮೇಲೆ ಹೋಗಲು ಮನಸ್ಸು ಒಪ್ಪುತ್ತಿಲ್ಲ, ಕೈ ತಾನಾಗಿ ಆಕ್ಸಿಲರೇಟರ್ ಬಿಟ್ಟುಬಿಡುತ್ತದೆ. ಮತ್ತೆ, ಮರದ ದಿಮ್ಮಿ ದಾಟಲು ಎಷ್ಟು ಎತ್ತಬೇಕು?

ಪೊನ್ನಂಪೇಟೆಯಿಂದ

ಆ ಅಂಜಿಕೆಯನ್ನು ಬಲವಂತದಿಂದ ಓಡಿಸಬೇಡ, ಅದು ನಿನ್ನನ್ನು ಕಾಯುತ್ತಿದೆ. ಬ್ರೇಕ್ ಖಂಡಿತ ಇಳಿಸುತ್ತದೆ ಎಂದು ಮೈಗೆ ನಂಬಿಕೆ ಬಂದಂತೆ ಎತ್ತರ ತಾನಾಗಿ ಏರುತ್ತದೆ. ಇನ್ನೊಂದು ಅಭ್ಯಾಸ ಸೇರಿಸಿಕೋ: ಬೈಕನ್ನು ನಿಲ್ಲಿಸಿ, ಎಂಜಿನ್ ಆರಿಸಿ, ಗೆಳೆಯ ಹಿಡಿದುಕೊಂಡಿರಲಿ. ನೀನು ಸೀಟಿನಿಂದ ಹಿಂದಕ್ಕೆ ಇಳಿದು ಎರಡೂ ಕಾಲಿನ ಮೇಲೆ ನಿಲ್ಲುವುದನ್ನು ರೂಢಿಸಿಕೋ. ನಿಜವಾಗಿ ಮಗುಚುವಾಗ ಬೈಕನ್ನು ಹಿಡಿದುಕೊಂಡಿರಬಾರದು, ಬಿಟ್ಟು ಇಳಿಯಬೇಕು. ಬೈಕ್ ರಿಪೇರಿಯಾಗುತ್ತದೆ. ಹಣ ಹೊಂದಿಸಲಾದರೆ ಕೋಲಾರದ ಕಡೆಯಿರುವ ಬಿಗ್‌ರಾಕ್ ಡರ್ಟ್‌ಪಾರ್ಕ್‌ನಂಥ ಕಡೆ ಮಣ್ಣಿನ ಸವಾರಿಯ ತರಬೇತಿ ಪಡೆ. ಅದನ್ನು ಕಟ್ಟಿದ ಸಿ.ಎಸ್. ಸಂತೋಷ್ 2015ರಲ್ಲಿ ಮರಳುಗಾಡು, ಕಾಡುದಾರಿಗಳ ದೂರದ ಓಟವಾದ ಡಕಾರ್ ರ‍್ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯ.

ದಿಮ್ಮಿ ದಾಟಲು ನಿನಗೆ ಈಗ ಬಂದಿರುವ ಒಂದು ಗೇಣೇ ಬಹಳ ಕಡೆ ಸಾಕು. ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲು, ನಡಿಗೆಯ ವೇಗದಲ್ಲಿ ದಿಮ್ಮಿಗೆ ನೇರವಾಗಿ ಹೋಗು; ಓರೆಯಾಗಿ ಹೋದರೆ, ಅದರಲ್ಲೂ ಪಾಚಿ ಕಟ್ಟಿದ್ದರೆ, ಚಕ್ರ ದಿಮ್ಮಿಯ ಉದ್ದಕ್ಕೆ ಜಾರುತ್ತದೆ. ಒಂದು ಮಾರು ದೂರವಿರುವಾಗ ಮುಂಭಾಗವನ್ನು ಮೈಭಾರದಿಂದ ಕುಗ್ಗಿಸಿ, ಅದು ಮೇಲೆ ಬರುವಾಗ ಕ್ಲಚ್ ಬಿಟ್ಟು ಆಕ್ಸಿಲರೇಟರ್ ಕೊಡು. ಮುಂದಿನ ಚಕ್ರ ದಾಟಿದ ಕೂಡಲೇ ಆಕ್ಸಿಲರೇಟರ್ ಮುಚ್ಚು, ಮೊಣಕಾಲು ಸಡಿಲ ಬಿಡು, ಹಿಂದಿನ ಚಕ್ರ ಉರುಳಿಕೊಂಡು ಬರುತ್ತದೆ. ಹಿಂದಿನ ಚಕ್ರ ದಿಮ್ಮಿಯ ಮೇಲಿರುವಾಗ ಆಕ್ಸಿಲರೇಟರ್ ಕೊಟ್ಟರೆ ಅದು ಪಕ್ಕಕ್ಕೆ ಒದೆಯುತ್ತದೆ. ಎಂಜಿನ್ ತಳದ ರಕ್ಷಣೆಯ ತಟ್ಟೆಗೆ ತಾಗುವಷ್ಟು ದಪ್ಪದ ಮರವಾದರೆ ಇಳಿದು ಕತ್ತಿ ಹಿಡಿ, ಅಥವಾ ಗರಗಸದವರನ್ನು ಕರೆ.