ಎರೆ ಮಣ್ಣಿನಲ್ಲಿ ಶಾಲೆ ಕೊಠಡಿ: ಪಾಯ ಅಗೆಯುವ ಮೊದಲು ಜೆಇಗೆ (ಜೂನಿಯರ್ ಎಂಜಿನಿಯರ್) ಏನು ಕೇಳಬೇಕು?

ಪಾಲಕ, ಜೇವರ್ಗಿ ತಾಲೂಕು

ಎಲ್ಲರಿಗೂ ನಮಸ್ಕಾರ. ನಾನು ತೊಗರಿ, ಹತ್ತಿ ಬೆಳೆಯುವವನು. ಮಗಳು ನಮ್ಮೂರ ಸರ್ಕಾರಿ ಶಾಲೆಯಲ್ಲಿ ಆರನೇ ತರಗತಿ ಓದುತ್ತಾಳೆ, ಅಲ್ಲಿ ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷ. ಶಾಲೆಗೆ ಎರಡು ಹೊಸ ಕೊಠಡಿ ಮಂಜೂರಾಗಿವೆ. ಮುಂದಿನ ತಿಂಗಳು ಪಾಯ ಅಗೆಯುತ್ತಾರಂತೆ. ಖುಷಿ ಇದೆ, ಅದಕ್ಕಿಂತ ಜಾಸ್ತಿ ಹೆದರಿಕೆ ಇದೆ.

ಒಂಬತ್ತು ವರ್ಷದ ಹಿಂದೆ ಕಟ್ಟಿದ ಮೂರು ಕೊಠಡಿ ಕಣ್ಣೆದುರಿಗೇ ಇವೆ. ನಡುವಿನ ಕೊಠಡಿಯಲ್ಲಿ ಕಿಟಕಿಯ ಮೂಲೆಯಿಂದ ಛತ್ತಿನವರೆಗೆ ಓರೆಯಾಗಿ ಬಿರುಕು. ಗಣಿತದ ಮೇಡಂ ಪ್ರತಿ ವರ್ಷ ಬಿರುಕಿನ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಡುತ್ತಾರೆ. ಈಗ ನಾಲ್ಕು ಗೆರೆ ಆಗಿವೆ. ಮೇ ತಿಂಗಳಲ್ಲಿ ಆ ಬಿರುಕಿನೊಳಗೆ ಐದು ರೂಪಾಯಿ ನಾಣ್ಯ ಹೋಗುತ್ತದೆ. ಸೆಪ್ಟೆಂಬರ್‌ನಲ್ಲಿ ಮಳೆ ಹಿಡಿದ ಮೇಲೆ ಹೋಗುವುದಿಲ್ಲ. ನೆಲದ ಫರಸಿ ನಡುವೆ ಉಬ್ಬಿದೆ, ಬೆಂಚು ಅಲುಗಾಡುತ್ತವೆ. ಎರಡು ಸಲ ಸಿಮೆಂಟ್ ಮೆತ್ತಿ ಬಣ್ಣ ಹೊಡೆದರು. ಮರುವರ್ಷ ಅದೇ ಜಾಗದಲ್ಲಿ ಬಾಯಿ ಬಿಟ್ಟಿತು. ಮಕ್ಕಳನ್ನು ಆ ಗೋಡೆಯಿಂದ ದೂರ ಕೂರಿಸುತ್ತಾರೆ.

ನನ್ನ ಹೊಲವೂ ಅದೇ ಎರೆ. ಬೇಸಿಗೆಯಲ್ಲಿ ನೆಲದ ಬಿರುಕಿಗೆ ಕೈ ಬಿಟ್ಟರೆ ಮೊಣಕೈವರೆಗೆ ಹೋಗುತ್ತದೆ. ಹೊಸ ಎಸ್ಟಿಮೇಟ್‌ನಲ್ಲಿ ಅಗೆತ 1.5 ಮೀಟರ್ ಅಂತಿದೆ. ಹಳೇ ಕೊಠಡಿಗೂ ಅಷ್ಟೇ ಅಗೆದಿದ್ದರು. ಮಣ್ಣು ಪರೀಕ್ಷೆಯ ಕಾಗದ ಯಾವುದೂ ಇಲ್ಲ. ಜೆಇ ಸಾಹೇಬರು ಒಳ್ಳೆಯವರು, ಕೇಳಿದರೆ ಉತ್ತರ ಕೊಡುತ್ತಾರೆ. ಏನು ಕೇಳಬೇಕು ಅಂತ ನನಗೇ ಗೊತ್ತಿಲ್ಲ. ಹಳೇ ವಿದ್ಯಾರ್ಥಿಗಳು ಗೇಟು, ಬಣ್ಣಕ್ಕೆ ಅಂತ 40 ಸಾವಿರ ಕೂಡಿಸಿದ್ದಾರೆ. ಅದರಲ್ಲಿ ಖಾಸಗಿ ಎಂಜಿನಿಯರ್ ಇಡಬೇಕಾ?

ಸೈಟ್ ಎಂಜಿನಿಯರ್, ಕಲಬುರಗಿ

ಅಣ್ಣಾ, ನಾಣ್ಯದ ಮಾತು ಹೇಳಿದಿರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ಬೇಸಿಗೆಯಲ್ಲಿ ತೆರೆದು ಮಳೆಗಾಲದಲ್ಲಿ ಮುಚ್ಚುವ ಬಿರುಕು ಅಂದರೆ ಕೆಳಗಿನ ಮಣ್ಣು ಆಡುತ್ತಿದೆ. ಗೋಡೆಗೆ ಸಿಮೆಂಟ್ ಮೆತ್ತಿದರೆ ಅದು ನಿಲ್ಲುವುದಿಲ್ಲ.

ನಮ್ಮ ಎರೆಯಲ್ಲಿ ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿ ಇರುತ್ತದೆ. ಹಾಳೆಯ ಮೇಲೆ ಹಾಳೆ ಪೇರಿಸಿದ ಹಾಗೆ ಅದರ ರಚನೆ. ನೀರು ಹಾಳೆಗಳ ನಡುವೆ ಹೊಕ್ಕರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಕಟ್ಟಡದ ಅಡಿ ನಡುಭಾಗದಲ್ಲಿ ತೇವ ಉಳಿಯುತ್ತದೆ, ಅಂಚು ಬಿಸಿಲಿಗೆ ಒಣಗುತ್ತದೆ. ಅದಕ್ಕೇ ನೆಲ ನಡುವೆ ಎದ್ದಿದೆ, ಮೂಲೆ ಕುಸಿದಿದೆ. ಮೂರು ಮಹಡಿ ಕಟ್ಟಡದ ಭಾರ ಈ ಉಬ್ಬನ್ನು ಸ್ವಲ್ಪ ಅದುಮುತ್ತದೆ. ಒಂದೇ ಮಹಡಿಯ ಶಾಲೆ ಹಗುರ, ಮಣ್ಣು ಅದನ್ನು ಎತ್ತಿಬಿಡುತ್ತದೆ. ಹಳ್ಳಿ ಶಾಲೆಗಳಲ್ಲಿ ಈ ಬಿರುಕು ಜಾಸ್ತಿ ಕಾಣುವುದು ಇದರಿಂದಲೇ.

ಜೆಇ ಹತ್ತಿರ ಮೊದಲು ಸ್ಟ್ರಕ್ಚರಲ್ ಡ್ರಾಯಿಂಗ್ ಕೇಳಿ. ಕಿಟಕಿ, ಬಾಗಿಲು ತೋರಿಸುವ ನಕ್ಷೆ ಬೇರೆ, ಕಂಬಿ ಮತ್ತು ಫೂಟಿಂಗ್ (ಪಾಯದ ತಳದ ಅಗಲ ಕಾಂಕ್ರೀಟ್) ತೋರಿಸುವ ನಕ್ಷೆ ಬೇರೆ. ಎರಡನೆಯದರ ಮೂಲೆಯಲ್ಲಿ ಟಿಪ್ಪಣಿ ಇರುತ್ತದೆ. ಅದರಲ್ಲಿ ಎಸ್‌ಬಿಸಿ, ಅಂದರೆ ಮಣ್ಣು ಹೊರುವ ಭಾರ, ಇಷ್ಟು ಅಂತ ಹಿಡಿದು ಲೆಕ್ಕ ಮಾಡಿರುತ್ತಾರೆ. "ಈ ಅಂಕಿ ನಮ್ಮ ಶಾಲೆಯ ಮಣ್ಣಿನದಾ, ಮಾದರಿ ನಕ್ಷೆಯದಾ?" ಇಷ್ಟು ಕೇಳಿದರೆ ಮಾತು ಸರಿಯಾದ ಕಡೆಗೆ ತಿರುಗುತ್ತದೆ.

ಆಮೇಲೆ ಕಟ್ಟುವ ಜಾಗದ ಪಕ್ಕ ಒಂದು ಗುಂಡಿ ತೆಗೆಸಿ. ಎಷ್ಟು ಆಳಕ್ಕೆ ಮುರುಂ, ಅಂದರೆ ಗರಸು ಮಣ್ಣು, ಸಿಗುತ್ತದೆ ಅನ್ನುವುದೇ ಮುಖ್ಯ. ಎರಡು, ಎರಡೂವರೆ ಮೀಟರ್‌ಗೆ ಸಿಕ್ಕರೆ ಫೂಟಿಂಗನ್ನು ಅಲ್ಲೇ ಕೂರಿಸುವುದು ಸುಲಭದ ದಾರಿ. ಇನ್ನೂ ಕೆಳಗೆ ಕಪ್ಪೇ ಇದ್ದರೆ ಅಂಡರ್‌ರೀಮ್ಡ್ ಪೈಲ್ ಹಾಕುತ್ತಾರೆ. ಸಾಮಾನ್ಯವಾಗಿ 3.5 ಮೀಟರ್ ಅಥವಾ ಅದಕ್ಕಿಂತ ಆಳದ ಕಂಬ, ಬುಡದ ಹತ್ತಿರ ಕಂಬದ ಎರಡೂವರೆ ಪಟ್ಟು ಅಗಲದ ಗಡ್ಡೆ. ಆ ಆಳದಲ್ಲಿ ಮಣ್ಣಿನ ತೇವ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ. ಪೈಲ್‌ಗಳ ಮೇಲೆ ಕೂರುವ ಬೀಮ್ ಮತ್ತು ಮಣ್ಣಿನ ನಡುವೆ ಸುಮಾರು 80 ಮಿ.ಮೀ. ಖಾಲಿ ಬಿಡಬೇಕು. ಮಣ್ಣು ಉಬ್ಬಿದರೂ ಬೀಮ್ ಎತ್ತಬಾರದು, ಅದಕ್ಕೆ.

ಗುಂಡಿ ಒಂದೂವರೆ ಮೀಟರ್ ದಾಟಿದ ಮೇಲೆ ಯಾರೂ ಒಳಗೆ ಇಳಿಯಬೇಡಿ. ಎರೆ ಗೋಡೆ ಒಮ್ಮೆಗೇ ಜಾರುತ್ತದೆ. ಜೆಸಿಬಿ ಬಕೆಟ್‌ನಲ್ಲಿ ಬಂದ ಮಣ್ಣು ನೋಡಿ, ಟೇಪನ್ನು ಮೇಲಿನಿಂದ ಬಿಡಿ.

ನೆಲಮಟ್ಟದ ಪ್ಲಿಂತ್ ಬೀಮ್, ಕಿಟಕಿ ಬಾಗಿಲ ಮೇಲಿನ ಲಿಂಟಲ್ ಬೀಮ್ ಎರಡೂ ಗೋಡೆಯ ಸುತ್ತ ಎಲ್ಲೂ ಕಡಿಯದೆ ಓಡಬೇಕು. 1993ರ ಕಿಲ್ಲಾರಿ ಭೂಕಂಪ ಕಂಡ ಆಳಂದ ಕಡೆಯ ಹಿರಿಯರಿಗೆ ಇದರ ಬೆಲೆ ಗೊತ್ತು.

ಸಿವಿಲ್ ಉಪನ್ಯಾಸಕಿ, ಬೀದರ್

ಸರ್ ಹೇಳಿದ್ದು ಸರಿ. ಒಂದೇ ಮಾದರಿ ನಕ್ಷೆ ಎಲ್ಲ ಕಡೆ ನಡೆಯುವುದಿಲ್ಲ. ನಮ್ಮ ಬೀದರ್ ಊರು ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಎತ್ತರದ ಮೇಲೆ. 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾ ನಿಂತಿರುವುದೂ ಅದೇ ನೆಲದಲ್ಲಿ. ಇಲ್ಲಿ ಸಾಲುವ ಫೂಟಿಂಗ್ ಜೇವರ್ಗಿ ಎರೆಯಲ್ಲಿ ಸಾಲುವುದಿಲ್ಲ. ಕಾಲೇಜು ಕ್ಯಾಂಪಸ್ ಕಟ್ಟುವಾಗ ಒಂದೊಂದು ಬ್ಲಾಕ್‌ಗೂ ಬೋರ್ ಹಾಕಿ ಮಣ್ಣು ನೋಡುತ್ತಾರೆ. ಎರಡು ಕೊಠಡಿಯ ಶಾಲೆ ಅಂತ ಬಿಡುವುದು ತಪ್ಪು. ಅಲ್ಲೂ ಮಕ್ಕಳೇ ಕೂರುವುದು ಅಲ್ವಾ?

ಲ್ಯಾಬ್‌ನಲ್ಲಿ ಮೊದಲು ಮಾಡುವುದು ಫ್ರೀ ಸ್ವೆಲ್ ಪರೀಕ್ಷೆ. ಭಾರತೀಯ ಮಾನಕ ಐಎಸ್ 2720ರ 40ನೇ ಭಾಗದಲ್ಲಿದೆ. ಒಣಗಿಸಿ 425 ಮೈಕ್ರಾನ್ ಜರಡಿ ಹಿಡಿದ ಮಣ್ಣು, 10 ಗ್ರಾಂನ ಎರಡು ಪಾಲು. ಅಳತೆ ಗೆರೆ ಇರುವ 100 ಮಿ.ಲೀ. ಗಾಜಿನ ಕೊಳವೆ ಎರಡು. ಒಂದರಲ್ಲಿ ನೀರು, ಇನ್ನೊಂದರಲ್ಲಿ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಈ ಮಣ್ಣು ಉಬ್ಬುವುದಿಲ್ಲ. 24 ಗಂಟೆ ಬಿಟ್ಟು ನೋಡಿ. ಸೀಮೆಎಣ್ಣೆಯಲ್ಲಿ ಮಣ್ಣು 12ರ ಗೆರೆಗೆ, ನೀರಿನಲ್ಲಿ 21ಕ್ಕೆ ನಿಂತರೆ ಉಬ್ಬಿದ್ದು 9, ಅಂದರೆ 12ರ ಶೇ 75. ಶೇ 50 ದಾಟಿದರೆ ಸುಮ್ನೆ ಕೂರುವ ಹಾಗಿಲ್ಲ. ನಿಮ್ಮ ವಿಜ್ಞಾನ ಶಿಕ್ಷಕರು ಶಾಲೆಯಲ್ಲೇ ಮಾಡಿ ಮಕ್ಕಳಿಗೆ ತೋರಿಸಬಹುದು. ಕಡತಕ್ಕೆ ಮಾತ್ರ ಲ್ಯಾಬ್ ವರದಿಯೇ ಬೇಕು. ಎಂಜಿನಿಯರಿಂಗ್ ಕಾಲೇಜಿನ ಮಣ್ಣು ಲ್ಯಾಬ್‌ಗೆ ಫೋನ್ ಮಾಡಿ ದರ ಕೇಳಿ.

40 ಸಾವಿರದ ಬಗ್ಗೆ ನನ್ನ ಅಭಿಪ್ರಾಯ: ಪೂರ್ತಿ ಕೆಲಸಕ್ಕೆ ಖಾಸಗಿ ಎಂಜಿನಿಯರ್ ಬೇಡ. ಸರ್ಕಾರಿ ಕೆಲಸದ ಡಿಸೈನ್, ಅಳತೆ ಪುಸ್ತಕ ಎಲ್ಲಾ ಇಲಾಖೆಯ ಹೊಣೆ, ಅದು ಅವರ ಮೇಲೇ ಇರಲಿ. ಆ ದುಡ್ಡಿನಲ್ಲಿ ಮಣ್ಣಿನ ವರದಿ ಮಾಡಿಸಿ. ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಮಾಡಿ, ವರದಿ ಜೋಡಿಸಿ, ಪಾಯದ ಡಿಸೈನ್ ಮತ್ತೆ ನೋಡಿ ಅಂತ ಬರೆದು ಕೊಡಿ, ಸ್ವೀಕೃತಿ ತೊಗೊಳ್ಳಿ. ಬಾಯಿ ಮಾತು ಟೆಂಡರ್ ಆದ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಗೌಂಡಿ ಕೆಲಸ, ಶಹಾಪುರ

ಇಪ್ಪತ್ತು ವರ್ಷದಿಂದ ಶಾಲೆ, ಹಾಸ್ಟೆಲ್ ಕಟ್ಟಿದ್ದೇನೆ. ಕಣ್ಣಾರೆ ಕಂಡ ತಪ್ಪು ಒಂದಿದೆ. ಪಾಯದಿಂದ ತೆಗೆದ ಕಪ್ಪು ಮಣ್ಣನ್ನೇ ತಿರುಗಿ ಕೊಠಡಿಯೊಳಗೆ ತುಂಬುತ್ತಾರೆ. ಟ್ರ್ಯಾಕ್ಟರ್ ಬಾಡಿಗೆ ಉಳಿಯುತ್ತದೆ, ಫರಸಿ ಏಳುತ್ತದೆ. ಒಳಗೆ ಮುರುಂ ಮಾತ್ರ ಹಾಕಿಸಿ. ಗೇಣುದ್ದ ಪದರು ಹಾಕಿ, ನೀರು ಹೊಡೆದು, ಧಮ್ಮಸ್ ಮಾಡಿ (ಗುದ್ದಿ ಗಟ್ಟಿ ಮಾಡಿ), ಮೇಲೆ ಇನ್ನೊಂದು ಪದರು. ಟ್ರಿಪ್ ಇಳಿಸುವಾಗ ನೀವೇ ನಿಂತು ಎಣಿಸಿ.

ಕಟ್ಟಿದ ಮೇಲೆ ಗೋಡೆ ಸುತ್ತ ಒಂದೂವರೆ ಮೀಟರ್ ಅಗಲ ಕಾಂಕ್ರೀಟ್ ಕಟ್ಟೆ, ಹೊರಗೆ ಇಳಿಜಾರು. ಕೈ ತೊಳೆಯುವ ನಲ್ಲಿ, ಬಿಸಿಯೂಟದ ಪಾತ್ರೆ ತೊಳೆದ ನೀರು ಗೋಡೆ ಬುಡಕ್ಕೆ ಬರಬಾರದು. ಬೇವು ನೆಡುವುದಾದರೆ ದೂರ ನೆಡಿ.

ಮೇ ತಿಂಗಳಲ್ಲಿ ಸ್ಲ್ಯಾಬ್ ಹಾಕುವುದಾದರೆ ನಸುಕಿನಲ್ಲೇ ಶುರು ಮಾಡಿಸಿ. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟ್‌ಗೆ 10 ದಿನಕ್ಕೆ ಕಡಿಮೆ ಇಲ್ಲದ ಹಾಗೆ ನೀರು ಬೇಕು. ಟ್ಯಾಂಕರ್ ಯಾರದು ಅಂತ ಮೊದಲೇ ಮಾತಾಡಿಕೊಳ್ಳಿ, ಸ್ಲ್ಯಾಬ್ ಹಾಕಿದ ಮರುದಿನ ಅಲ್ಲ.

ಪಾಲಕ, ಜೇವರ್ಗಿ ತಾಲೂಕು

ಮೂವರಿಗೂ ಕೈ ಮುಗಿಯುತ್ತೇನೆ. ನಿನ್ನೆ ಜೆಸಿಬಿ ಕರೆಸಿ ಗುಂಡಿ ತೆಗೆಸಿದೆವು. 1.5 ಮೀಟರ್‌ಗೆ ಇನ್ನೂ ಅಂಟು ಕಪ್ಪು ಮಣ್ಣೇ. 2.3 ಮೀಟರ್‌ಗೆ ಹಳದಿ ಮುರುಂ ಬಂತು, ಬಕೆಟ್ ಹಲ್ಲು ಕರ್ರನೆ ಕೆರೆಯಿತು. ಜೆಇ ಸಾಹೇಬರು ಪಕ್ಕದಲ್ಲೇ ಇದ್ದರು. ಟೇಪ್ ಹಿಡಿದು ಫೋಟೋ ತೆಗೆದುಕೊಂಡರು. ಡ್ರಾಯಿಂಗ್ ಟಿಪ್ಪಣಿ ಮಾದರಿ ನಕ್ಷೆಯದೇ ಅಂತ ಅವರೇ ಒಪ್ಪಿದರು.

ಶಾಲೆಯಲ್ಲಿ ಎರಡು ಕೊಳವೆ ಇಟ್ಟೆವು. ಸೀಮೆಎಣ್ಣೆಯದು 12, ನೀರಿನದು 22. ನನ್ನ ಮಗಳೇ ಗೆರೆ ಓದಿ ಹೇಳಿದಳು. ಲ್ಯಾಬ್‌ಗೆ ಮಣ್ಣು ಚೀಲ ಕಟ್ಟಿದ್ದೇವೆ, ಒಂದೊಂದಕ್ಕೂ ಆಳ ಬರೆದ ಚೀಟಿ ಇದೆ. ಠರಾವು ಇವತ್ತು ಸಂಜೆ. ಗುಂಡಿಗೆ ಹಲಗೆ ಮುಚ್ಚಿ ಸುತ್ತ ಜಾಲಿ ಮುಳ್ಳು ಹಾಕಿದ್ದೇವೆ. ಸೋಮವಾರ ಜೆಇಗಿಂತ ಮೇಲಿನ ಎಂಜಿನಿಯರ್ ಎಇಇ ಸಾಹೇಬರು ನೋಡಲು ಬರುತ್ತಾರೆ.