ಬೇಸ್ ಗಿಟಾರಿಗೆ ಯಾವ ತಂತಿ: ರೌಂಡ್‌ವೌಂಡ್ ಬಿಟ್ಟು ಫ್ಲ್ಯಾಟ್‌ವೌಂಡಿಗೆ ಹೋಗಬಹುದೇ?

ನವನಗರದ ಮಂದ್ರ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಆರು ವರ್ಷಗಳಿಂದ ಬೇಸ್ ನುಡಿಸುತ್ತಿದ್ದೇನೆ. ಮದುವೆಯ ಹಂಗಾಮು ಮತ್ತು ಗಣೇಶೋತ್ಸವದಲ್ಲಿ ಆರ್ಕೆಸ್ಟ್ರಾ, ಉಳಿದ ತಿಂಗಳುಗಳಲ್ಲಿ ವಚನ ಹಾಗೂ ಭಾವಗೀತೆಗಳ ಕಾರ್ಯಕ್ರಮ, ಹೀಗೆ ನನ್ನ ಕೆಲಸ ಎರಡು ಬಗೆಯದು. ವಾದ್ಯ ಮಾತ್ರ ಒಂದೇ: ನಾಲ್ಕು ತಂತಿಯ, 34 ಅಂಗುಲ ಸ್ಕೇಲಿನ (ಅಂದರೆ ತಂತಿಯ ಕಂಪಿಸುವ ಭಾಗ ಅಷ್ಟು ಉದ್ದದ) ಸಾಧಾರಣ ಬೇಸ್. ಇದುವರೆಗೆ 45–105 ಗೇಜಿನ (ದಪ್ಪದ ಅಳತೆಯ), ನಿಕಲ್ ಲೇಪಿತ ಉಕ್ಕಿನ ರೌಂಡ್‌ವೌಂಡ್ ತಂತಿಗಳನ್ನೇ ಹಾಕುತ್ತ ಬಂದಿದ್ದೇನೆ.

ಹೊಸ ತಂತಿ ಹಾಕಿದ ಮೊದಲ ವಾರ ದನಿ ಖಣಖಣಿಸುತ್ತದೆ. ಮಳೆಗಾಲದಲ್ಲಿ ಮೂರನೆಯ ವಾರ ಮುಗಿಯುವಷ್ಟರಲ್ಲಿ ದಪ್ಪನೆಯ ಇ ತಂತಿ ಸಪ್ಪೆಯಾಗಿ ಬರೀ ‘ಥಪ್’ ಎನ್ನತೊಡಗುತ್ತದೆ. ತೆಳ್ಳನೆಯ ಜಿ ತಂತಿಯಲ್ಲಿ ಇನ್ನೂ ಹೊಳಪು ಉಳಿದಿರುವುದರಿಂದ ನಾಲ್ಕೂ ತಂತಿಗಳು ಒಂದೇ ವಾದ್ಯದವು ಎಂದು ಅನಿಸುವುದೇ ಇಲ್ಲ. ಇನ್ನೊಂದು ತೊಂದರೆ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. ಹಾಡುವವರು ಒಂದು ಸ್ವರದ ಮೇಲೆ ಮೆಲ್ಲಗೆ ನಿಂತಿರುವಾಗ ನಾನು ಎಡಗೈಯನ್ನು ಏಳನೆಯ ಫ್ರೆಟ್ಟಿನಿಂದ (ವಾದ್ಯದ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಮೂರನೆಯದಕ್ಕೆ ಜಾರಿಸಿದರೆ, ತಂತಿಯ ಸುತ್ತುಗಳ ಮೇಲೆ ಬೆರಳು ಉಜ್ಜಿದ ‘ಕಿರ್’ ಸಪ್ಪಳ ಸಭಾಂಗಣದ ಕೊನೆಯ ಸಾಲಿಗೂ ಕೇಳುತ್ತದೆ.

ಫ್ಲ್ಯಾಟ್‌ವೌಂಡ್ ಹಾಕಿದರೆ ಇವೆರಡೂ ಬಗೆಹರಿಯುತ್ತವೆಯೇ? ಹಾಗೆ ಮಾಡಿದರೆ ಆರ್ಕೆಸ್ಟ್ರಾದಲ್ಲಿ ನನ್ನ ದನಿ ಕೇಳದೇ ಹೋಗುತ್ತದೆಯೇ? ಹಳೆಯ ತಂತಿಗಳನ್ನು ನೀರಿನಲ್ಲಿ ಕುದಿಸಿದರೆ ಮತ್ತೆ ಜೀವ ಬರುತ್ತದೆ ಎಂದು ಜೊತೆಯವರು ಹೇಳುತ್ತಾರೆ. ಅದು ಎಷ್ಟರಮಟ್ಟಿಗೆ ನಿಜ?

ಸಪ್ತಾಪುರದ ಜವಾರಿ (ಧಾರವಾಡ)

ನೀವು ಕೇಳಿದ್ದರಲ್ಲಿ ದನಿಯ ಪ್ರಶ್ನೆಯೂ ಆಯುಷ್ಯದ ಪ್ರಶ್ನೆಯೂ ಹೆಣೆದುಕೊಂಡಿವೆ. ನಾನು ಮೊದಲಿನದನ್ನಷ್ಟೇ ಎತ್ತಿಕೊಳ್ಳುತ್ತೇನೆ.

ರಹಿಮತ್ ಖಾನರ ಪರಂಪರೆ ಬೆಳೆದ ಈ ಊರಿನಲ್ಲಿ ಸಿತಾರಿನ ಜವಾರಿಯ ಬಗ್ಗೆ ಗೊತ್ತಿಲ್ಲದ ಸಂಗೀತಗಾರರು ಕಡಿಮೆ. ನಮ್ಮ ಮನೆಯಲ್ಲಿಯೂ ಒಂದು ಸಿತಾರ್ ಇದೆ. ತಂತಿಗಳು ಹಾಯುವ ಕುದುರೆಯ ಮೇಲ್ಮೈಯನ್ನು ಒಂದು ಹದದಲ್ಲಿ ಉಜ್ಜಿದರೆ ತೆರೆದ ಜವಾರಿಯಾಗಿ ಮೇಲಿನ ಸಹಸ್ವರಗಳೆಲ್ಲ (ಮೂಲಸ್ವರದ ಜೊತೆಗೇ ಹುಟ್ಟುವ ಸಣ್ಣ ಸ್ವರಗಳು) ಝೇಂಕರಿಸುತ್ತವೆ; ಇನ್ನೊಂದು ಹದದಲ್ಲಿ ಉಜ್ಜಿದರೆ ಮುಚ್ಚಿದ ಜವಾರಿಯಾಗಿ ದನಿ ದುಂಡಗಾಗುತ್ತದೆ. ಬೇಸಿನಲ್ಲಿ ಇದಕ್ಕೆ ಕಾರಣವಾಗುವುದು ಕುದುರೆಯಲ್ಲ, ತಂತಿಯ ಹೊರಸುತ್ತು. ಆದರೂ ಕಿವಿಗೆ ಕೇಳುವ ವ್ಯತ್ಯಾಸ ಆ ಜಾತಿಯದೇ ಎಂದು ನನಗೆ ಅನಿಸಿದೆ. ರೌಂಡ್‌ವೌಂಡಿನಲ್ಲಿ ನಡುವಿನ ಉಕ್ಕಿನ ಎಳೆಯ ಮೇಲೆ ದುಂಡನೆಯ ತಂತಿಯನ್ನು ಸುತ್ತಿರುತ್ತಾರೆ. ಮೇಲ್ಮೈ ಉಬ್ಬುತಗ್ಗಾಗಿ, ದನಿ ತೆರೆದುಕೊಂಡಿರುತ್ತದೆ. ಫ್ಲ್ಯಾಟ್‌ವೌಂಡಿನ ಹೊರಸುತ್ತು ಚಪ್ಪಟೆಯಾದ ಲೋಹದ ಪಟ್ಟಿಯದು. ಅದರ ಮೇಲೆ ಉಗುರು ಎಳೆದರೆ ತಡೆಯಿಲ್ಲದೆ ಜಾರುತ್ತದೆ. ಮೇಲಿನ ಸಹಸ್ವರಗಳು ಬೇಗ ಅಡಗಿ ಮೂಲಸ್ವರ ಮುಂದೆ ಬರುತ್ತದೆ. ನಿಮ್ಮ ‘ಕಿರ್’ ಸಪ್ಪಳ ಬಹುಪಾಲು ಅಲ್ಲಿಗೇ ನಿಲ್ಲುತ್ತದೆ.

ಫ್ಲ್ಯಾಟ್‌ವೌಂಡ್ ಎಂದರೆ ಮುದುಕರ ತಂತಿ ಎಂಬ ಮಾತು ನಮ್ಮ ಹುಡುಗರಲ್ಲಿದೆ. ಅದನ್ನು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. 1951ರಲ್ಲಿ ಫೆಂಡರ್ ಕಂಪನಿ ಪ್ರಿಸಿಶನ್ ಬೇಸನ್ನು ಹೊರತಂದ ಮೇಲೆ ಒಂದು ದಶಕಕ್ಕೂ ಹೆಚ್ಚು ಕಾಲ ಬೇಸಿನ ರೂಢಿಯ ತಂತಿ ಫ್ಲ್ಯಾಟ್‌ವೌಂಡೇ ಆಗಿತ್ತು. ಅಮೆರಿಕದ ಮೋಟೌನ್ ಕಂಪನಿಯ ಧ್ವನಿಮುದ್ರಣಗಳಲ್ಲಿ ಜೇಮ್ಸ್ ಜೇಮರ್ಸನ್ ನುಡಿಸಿದ್ದು ದಪ್ಪ ಗೇಜಿನ ಲಾ ಬೆಲ್ಲಾ ಫ್ಲ್ಯಾಟ್‌ವೌಂಡ್ ತಂತಿಗಳ ಮೇಲೆ, ಅದೂ ತೀರ ಅಪರೂಪಕ್ಕೊಮ್ಮೆ ಮಾತ್ರ ಬದಲಿಸುತ್ತಿದ್ದ ಹಳೆಯ ತಂತಿಗಳ ಮೇಲೆ. 1960ರ ದಶಕದ ನಡುವಿನಲ್ಲಿ ‘ದ ಹೂ’ (The Who) ಎಂಬ ರಾಕ್ ತಂಡದ ಜಾನ್ ಎಂಟ್ವಿಸಲ್, ತಂತಿ ತಯಾರಿಸುವ ಇಂಗ್ಲೆಂಡಿನ ರೋಟೋಸೌಂಡ್‌ನವರ ಜೊತೆ ಕುಳಿತು, ಪಿಯಾನೋದಂತೆ ಮೊಳಗುವ ರೌಂಡ್‌ವೌಂಡ್ ತಂತಿಗಳನ್ನು ಮಾಡಿಸಿಕೊಂಡರು. ರಾಕ್ ಬೇಸಿನ ದನಿ ಬದಲಾದದ್ದು ಆ ನಂತರ.

ಇನ್ನು ಆರ್ಕೆಸ್ಟ್ರಾದ ವಿಷಯ. ನಿಮ್ಮ ಇ ತಂತಿಯ ಮೂಲಸ್ವರ ಸುಮಾರು 41 ಹರ್ಟ್ಸ್. ಪೆಂಡಾಲಿನಲ್ಲಿ ನಿಲ್ಲಿಸುವ ಸಣ್ಣ ಸ್ಪೀಕರುಗಳು ಅಷ್ಟು ಕೆಳಗಿನ ಸ್ವರವನ್ನು ಸರಿಯಾಗಿ ಹೊರಡಿಸುವುದಿಲ್ಲ. ಅಲ್ಲಿ ಕೇಳುಗರ ಕಿವಿ ಸ್ವರವನ್ನು ಗುರುತಿಸುವುದು ಅದರ ಸಹಸ್ವರಗಳ ಸಹಾಯದಿಂದಲೇ. ಸಹಸ್ವರ ಕಡಿಮೆಯಿರುವ ಫ್ಲ್ಯಾಟ್‌ವೌಂಡ್ ಅಂಥ ಕಡೆ ಢೋಲಕ್ ಮತ್ತು ಆಕ್ಟೋಪ್ಯಾಡುಗಳ ನಡುವೆ ಹೂತುಹೋಗುವ ಸಂಭವ ಇದ್ದೇ ಇದೆ. ಒಳ್ಳೆಯ ಸಬ್‌ವೂಫರ್ ಇರುವ ಸಭಾಂಗಣದಲ್ಲಿ ಅದೇ ತಂತಿ ಹಾಡುಗಾರಿಕೆಯ ಅಡಿಯಲ್ಲಿ ಹಾಸಿಗೆ ಹಾಸಿದಂತೆ ಕೂರುತ್ತದೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ನೀವು ಹೆಚ್ಚಾಗಿ ನುಡಿಸುವ ಜಾಗ.

ಬೆಟಗೇರಿ ಬೇಸ್ (ಗದಗ)

ಆಯುಷ್ಯದ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ತಂತಿ ಕುದಿಸುವ ಕೆಲಸವನ್ನು ನಾನು ಮೂರು ವರ್ಷ ಮಾಡಿದ್ದೇನೆ.

ರೌಂಡ್‌ವೌಂಡ್ ಸಾಯುವುದು ಸುತ್ತುಗಳ ಸಂದಿಯಲ್ಲಿ. ಬೆರಳಿನ ಬೆವರು, ಜಿಡ್ಡು, ಸವೆದ ಚರ್ಮದ ಪುಡಿ ಮತ್ತು ಧೂಳು ಅಲ್ಲಿ ಸೇರಿ ತಂತಿಯ ಕಂಪನವನ್ನು ತಿನ್ನುತ್ತವೆ. ಬೆವರಿನ ಉಪ್ಪು ಲೋಹಕ್ಕೆ ಕಿಲುಬು ಹಿಡಿಸುತ್ತದೆ. ಫ್ರೆಟ್ ತಾಗುವ ಕಡೆ ಸುತ್ತುಗಳು ಚಪ್ಪಟೆಯಾಗುತ್ತವೆ. ಕೊಳೆ ಎಲ್ಲ ಕಡೆ ಸಮನಾಗಿ ಕೂರುವುದಿಲ್ಲ. ಹಾಗಾಗಿ ತಂತಿಯ ತೂಕ ಉದ್ದಕ್ಕೂ ಒಂದೇ ಆಗಿ ಉಳಿಯದೆ, ಬೆರಳಿಡದೆ ಬಿಟ್ಟ ತಂತಿ ಶ್ರುತಿಯಲ್ಲಿದ್ದರೂ ಹನ್ನೆರಡನೆಯ ಫ್ರೆಟ್ಟಿನ ಸ್ವರ ತಪ್ಪುತ್ತದೆ. ಹಳೆಯ ರೌಂಡ್‌ವೌಂಡಿನ ದನಿ ಫ್ಲ್ಯಾಟ್‌ವೌಂಡಿನಂತೆಯೇ ಇರುತ್ತದೆ ಎಂದು ಹೇಳುವವರನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ಮೊದಲಿನದು ಕೆಟ್ಟು ಮಬ್ಬಾದದ್ದು, ಎರಡನೆಯದು ಹುಟ್ಟಿನಿಂದಲೇ ಮೃದುವಾದದ್ದು.

ಕುದಿಸಿದರೆ ಸಂದಿಯ ಜಿಡ್ಡು ಬಿಡುತ್ತದೆ ಎಂಬುದು ನಿಜ. ಪಾತ್ರೆಯ ನೀರು ಬೂದುಬಣ್ಣಕ್ಕೆ ತಿರುಗುವುದನ್ನು ಕಣ್ಣಾರೆ ಕಂಡಿದ್ದೇನೆ. ಹೊಳಪು ಮರಳಿ ಬರುತ್ತದೆ, ಆದರೆ ನನಗೆ ಅದು ಒಂದು ವಾರದ ಮೇಲೆ ನಿಂತದ್ದಿಲ್ಲ. ಚಪ್ಪಟೆಯಾದ ಸುತ್ತು ಕುದಿಸುವುದರಿಂದ ದುಂಡಗಾಗುವುದಿಲ್ಲ, ಒಳಗಿನ ಉಕ್ಕಿನ ಎಳೆಗೆ ಇಳಿದ ನೀರು ಪೂರ್ತಿ ಆರದಿದ್ದರೆ ತುಕ್ಕು ಒಳಗಿನಿಂದಲೇ ಶುರುವಾಗುತ್ತದೆ. ಸ್ಪಿರಿಟ್ಟಿನಲ್ಲಿ ನೆನೆಹಾಕುವುದು ನೀರಿಗಿಂತ ವಾಸಿ, ಅದು ಬೇಗ ಆರುತ್ತದೆ. ಆದರೂ ಪ್ರತಿ ಬಾರಿ ತಂತಿಯನ್ನು ಬಿಚ್ಚಿ ಮತ್ತೆ ಗೂಟಕ್ಕೆ ಸುತ್ತುವಾಗ ಅದು ಹಳೆಯ ಮಡಿಕೆಯಲ್ಲಿಯೇ ಬಾಗುತ್ತದೆ. ನಾಲ್ಕನೆಯ ಬಾರಿ ಕುದಿಸಿ ಹಾಕಿದ ನನ್ನ ಎ ತಂತಿ ಜಾತ್ರೆಯೊಂದರ ವೇದಿಕೆಯ ಮೇಲೆ, ಎರಡನೆಯ ಹಾಡಿನ ನಡುವೆ, ಸರಿಯಾಗಿ ಆ ಮಡಿಕೆಯಲ್ಲಿಯೇ ತುಂಡಾಯಿತು. ಅಂದಿನಿಂದ ಬಿಟ್ಟಿದ್ದೇನೆ.

ಈಗ ಮಾಡುವುದು ಇಷ್ಟೇ. ಮುಟ್ಟುವ ಮೊದಲು ಕೈ ತೊಳೆಯುತ್ತೇನೆ. ನುಡಿಸಿದ ತಕ್ಷಣ ಹಳೆಯ ಹತ್ತಿಯ ಧೋತರದ ತುಂಡನ್ನು ತಂತಿಯ ಅಡಿಗೂ ತೂರಿಸಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು, ನಟ್ಟಿನಿಂದ (ಗೂಟಗಳ ಬದಿಯಲ್ಲಿ ತಂತಿ ಕೂರುವ ಪಟ್ಟಿ) ಬ್ರಿಜ್ಜಿನವರೆಗೆ (ಕುದುರೆ) ಎಳೆಯುತ್ತೇನೆ. ಬಟ್ಟೆಯ ಮೇಲೆ ನಾಲ್ಕು ಕಪ್ಪು ಗೆರೆಗಳು ಮೂಡುತ್ತವೆ, ಇ ತಂತಿಯದು ಎಲ್ಲಕ್ಕಿಂತ ದಪ್ಪ. ಆ ಕಪ್ಪೇ ಸಂದಿಗೆ ಇಳಿಯಬೇಕಾಗಿದ್ದ ಕೊಳೆ. ನಮ್ಮ ಗದಗಿನ ಒಣಹವೆಯಲ್ಲಿ ಇದರಿಂದ ಒಂದು ಸೆಟ್ ನನಗೆ ಮೂರು ತಿಂಗಳು ನಡೆಯುತ್ತದೆ. ನಿಮ್ಮ ಕಡೆಯ ಮಳೆ ಮತ್ತು ತೇವದಲ್ಲಿ ಅಷ್ಟು ನಡೆಯಲಿಕ್ಕಿಲ್ಲ.

ಕೈ ಬಹಳ ಬೆವರುವವರಿಗೆ ಲೇಪಿತ ತಂತಿ ಒಂದು ದಾರಿ. ಎಲಿಕ್ಸಿರ್‌ನಂಥ ತಂತಿಗಳ ಮೇಲೆ ತೆಳುವಾದ ಪಾಲಿಮರ್ ಪದರ ಇರುವುದರಿಂದ ಕೊಳೆ ಸಂದಿಗೆ ಇಳಿಯುವುದಿಲ್ಲ. ಬೆಲೆ ಹೆಚ್ಚು, ಬೆರಳಿಗೆ ಸ್ವಲ್ಪ ನುಣುಪಾಗಿ ಜಾರಿದಂತೆ ಅನಿಸುತ್ತದೆ, ಪ್ಲೆಕ್ಟ್ರಮ್ಮಿನಿಂದ (ಮೀಟುವ ಬಿಲ್ಲೆ) ಜೋರಾಗಿ ನುಡಿಸುವವರ ಕೈಯಲ್ಲಿ ಪದರ ಬೇಗ ಸವೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ತಂತಿ ತುಕ್ಕನ್ನು ಚೆನ್ನಾಗಿ ತಡೆಯುತ್ತದೆ ನಿಜ, ಆದರೆ ಅದರ ದನಿ ನಿಕಲ್ಲಿಗಿಂತ ಚೂಪು, ಮೇಲ್ಮೈ ಒರಟು, ಫ್ರೆಟ್ಟುಗಳನ್ನು ಹೆಚ್ಚು ಸವೆಸುತ್ತದೆ. ನಿಮ್ಮ ‘ಕಿರ್’ ಅದರಿಂದ ಇನ್ನಷ್ಟು ಬೆಳೆಯುತ್ತದೆ.

ಏಲಕ್ಕಿ ಸೀಮೆ (ಹಾವೇರಿ)

ಮೇಲಿನ ಇಬ್ಬರೂ ಹೇಳದ ಒಂದು ಮಾತಿದೆ: ತಂತಿಯ ಜಾತಿ ಬದಲಾದರೆ ಎಳೆತವೂ ಬದಲಾಗುತ್ತದೆ.

ಗೇಜಿನ ಅಂಕಿ ಅಂಗುಲದ ಸಾವಿರದೊಂದು ಭಾಗದ ಲೆಕ್ಕ. 105 ಎಂದರೆ 0.105 ಅಂಗುಲ, ಅಂದರೆ ಸುಮಾರು 2.7 ಮಿಲಿಮೀಟರ್ ದಪ್ಪ. ಆದರೆ ಗೇಜ್ ಒಂದೇ ಆದ ಮಾತ್ರಕ್ಕೆ ಬಿಗಿಯೂ ಒಂದೇ ಎಂದು ತಿಳಿಯಬಾರದು. ಸ್ಕೇಲಿನ ಉದ್ದ ಮತ್ತು ಶ್ರುತಿ ಬದಲಾಗದಿದ್ದಾಗ ಎಳೆತವನ್ನು ನಿರ್ಧರಿಸುವುದು ತಂತಿಯ ತೂಕ. ಚಪ್ಪಟೆ ಸುತ್ತಿನಲ್ಲಿ ಸಂದಿಗಳು ಕಡಿಮೆ, ಲೋಹ ಹೆಚ್ಚು, ಆದ್ದರಿಂದ ಅದೇ ಗೇಜಿನ ಫ್ಲ್ಯಾಟ್‌ವೌಂಡ್ ಸಾಮಾನ್ಯವಾಗಿ ಹೆಚ್ಚು ತೂಗುತ್ತದೆ, ಹೆಚ್ಚು ಬಿಗಿಯುತ್ತದೆ. ಸಾಧಾರಣ ರೌಂಡ್‌ವೌಂಡ್ ಸೆಟ್ಟೇ ನೆಕ್ಕಿನ (ವಾದ್ಯದ ಕತ್ತಿನ) ಮೇಲೆ 80 ಕಿಲೋ ಆಸುಪಾಸಿನ ಎಳೆತ ಹಾಕಿರುತ್ತದೆ ಎಂಬುದನ್ನು ನೆನಪಿಡಿ.

ನಾನು ಇದನ್ನು ತಿಳಿಯದೆ ಒಮ್ಮೆ 52–110ರ ಫ್ಲ್ಯಾಟ್‌ವೌಂಡನ್ನು ನೇರವಾಗಿ ಹಾಕಿಬಿಟ್ಟೆ. ಎರಡು ದಿನಗಳಲ್ಲಿ ನೆಕ್ ಮುಂದಕ್ಕೆ ಬಾಗಿ ತಂತಿಗಳು ಮೇಲೆದ್ದವು. ದಪ್ಪ ತಂತಿ ನಟ್ಟಿನ ಗಾಡಿಯಲ್ಲಿ (ತಂತಿ ಕೂರಲು ಕೊರೆದ ಸೀಳು) ಕೂರದೆ ಮೇಲೆಯೇ ನಿಂತಿತ್ತು. ರಿಪೇರಿಗೆ ಕೊಟ್ಟ ಕಡೆಯವರು ಗಾಡಿಯನ್ನು ಅಳತೆಯಿಲ್ಲದೆ ಅರದಿಂದ ತಿಕ್ಕಿ ಆಳ ಮಾಡಿದರು. ಅದಾದ ಮೇಲೆ ಬಿಟ್ಟ ತಂತಿಗಳೆಲ್ಲ ಮೊದಲ ಫ್ರೆಟ್ಟಿಗೆ ಬಡಿದು ಜರ್ ಎನ್ನತೊಡಗಿದವು. ಕೊನೆಗೆ ನಟ್ಟನ್ನೇ ಬದಲಿಸಬೇಕಾಯಿತು.

ನೀವು 45–105ರಿಂದ ಬರುತ್ತಿರುವುದರಿಂದ, ಕಡಿಮೆ ಎಳೆತದ್ದು ಎಂದು ಪೊಟ್ಟಣದ ಮೇಲೆ ನಮೂದಿಸಿರುವ ಫ್ಲ್ಯಾಟ್‌ವೌಂಡನ್ನೇ ಹುಡುಕಿ. ತಂತಿಗಳನ್ನು ಒಂದೊಂದಾಗಿ ಬದಲಿಸಿ. ಗೂಟದಿಂದಾಚೆ ಹತ್ತು ಹನ್ನೆರಡು ಸೆಂಟಿಮೀಟರ್ ಬಿಟ್ಟು, ಮೊದಲು ಬಗ್ಗಿಸಿ, ಆಮೇಲೆ ಕತ್ತರಿಸಿ. ಬಗ್ಗಿಸದೆ ಕತ್ತರಿಸಿದರೆ ಕೆಲವು ತಂತಿಗಳ ಸುತ್ತು ಒಳಗಿನ ಎಳೆಯಿಂದ ಸಡಿಲವಾಗಿ ದನಿ ಮೊದಲ ದಿನವೇ ಸತ್ತುಹೋಗುತ್ತದೆ. ಎರಡು ದಿನ ಶ್ರುತಿಯಲ್ಲಿಯೇ ಇರಿಸಿ. ಆಮೇಲೆ ತಂತಿಯನ್ನು ಮೊದಲ ಹಾಗೂ ಕೊನೆಯ ಫ್ರೆಟ್ಟುಗಳಲ್ಲಿ ಒತ್ತಿಹಿಡಿದು, ಏಳನೆಯ ಫ್ರೆಟ್ಟಿನ ಬಳಿ ಎಷ್ಟು ಸಂದಿಯಿದೆ ನೋಡಿ. 0.3 ಮಿಲಿಮೀಟರ್ ಸುಮಾರಿಗಿದ್ದರೆ ಸಾಕು. ಹೆಚ್ಚಿದ್ದರೆ ಟ್ರಸ್ ರಾಡನ್ನು (ನೆಕ್ಕಿನ ಬಾಗು ಸರಿಪಡಿಸಲು ಅದರೊಳಗಿರುವ ಸರಳು) ಒಂದು ಬಾರಿಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ ಬಿಗಿ ಮಾಡಿ.

ನವನಗರದ ಮಂದ್ರ (ಹುಬ್ಬಳ್ಳಿ)

ಮೂವರಿಗೂ ಮನಸಾರೆ ಧನ್ಯವಾದ. ಕಳೆದ ವರ್ಷದ ಕಾರ್ಯಕ್ರಮಗಳನ್ನು ಡೈರಿಯಲ್ಲಿ ಎಣಿಸಿದಾಗ, ಸಭಾಂಗಣದವೇ ಅರ್ಧಕ್ಕಿಂತ ಹೆಚ್ಚಿದ್ದವು. ಆದ್ದರಿಂದ ಕಡಿಮೆ ಎಳೆತದ ಫ್ಲ್ಯಾಟ್‌ವೌಂಡ್ ತರಿಸಿ ಹಾಕಿದೆ. ಆರ್ಕೆಸ್ಟ್ರಾಕ್ಕೆ ಅಣ್ಣನ ಹಳೆಯ ಬೇಸನ್ನು ರೌಂಡ್‌ವೌಂಡಿನೊಂದಿಗೆ ಇಟ್ಟುಕೊಂಡಿದ್ದೇನೆ. ಮೊದಲ ದಿನ ದನಿ ತೀರ ಮುಚ್ಚಿಕೊಂಡಂತೆ ಕೇಳಿ ಗಾಬರಿಯಾಯಿತು. ಶನಿವಾರ ವಚನ ಗಾಯನದ ತಾಲೀಮಿನಲ್ಲಿ, ಹಾರ್ಮೋನಿಯಂ ಮತ್ತು ತಬಲಾದ ಜೊತೆ ಸೇರಿದಾಗ, ಅದೇ ದನಿ ಎಡಗೈ ತಬಲಾದ ಕೆಳಗೆ ಸ್ಪಷ್ಟವಾಗಿ ನಿಂತಿತು. ಕೈ ಜಾರಿಸಿದಾಗ ಸಪ್ಪಳವೇ ಇಲ್ಲ. ಹಾಡುವವರೇ ತಿರುಗಿ ನೋಡಿ ಏನು ಬದಲಿಸಿದಿರಿ ಎಂದು ಕೇಳಿದರು. ಒಂದೇ ಕೊರತೆ ಉಳಿದಿದೆ: ಜಿ ತಂತಿಯ ದನಿ ಉಳಿದ ಮೂರಕ್ಕಿಂತ ಸಣ್ಣದಾಗಿ ಕೇಳುತ್ತದೆ.

ಸಪ್ತಾಪುರದ ಜವಾರಿ (ಧಾರವಾಡ)

ಅದಕ್ಕೆ ತಂತಿ ಬದಲಿಸಬೇಕಾಗಿಲ್ಲ. ಪಿಕಪ್ಪಿನ (ತಂತಿಯ ಕಂಪನವನ್ನು ಹಿಡಿಯುವ, ತಂತಿಗಳ ಅಡಿಯ ಭಾಗ) ಜಿ ತಂತಿಯ ಬದಿಯ ಸ್ಕ್ರೂ ಅನ್ನು ಅರ್ಧ ಸುತ್ತು ತಿರುಗಿಸಿ ಆ ಬದಿಯನ್ನು ಮೇಲೇರಿಸಿ, ಕೇಳಿ ನೋಡಿ. ಸಾಲದಿದ್ದರೆ ಇ ತಂತಿಯ ಬದಿಯನ್ನು ಅಷ್ಟೇ ಇಳಿಸಿ. ಕೊನೆಯ ಫ್ರೆಟ್ಟಿನಲ್ಲಿ ಒತ್ತಿದಾಗಲೂ ತಂತಿ ಪಿಕಪ್ಪಿಗೆ ತಾಗಬಾರದು, ಅಷ್ಟು ಗಮನವಿರಲಿ.